‘ಗಿಂತ’ ಎಲ್ಲಿ, ನೂರು ಅಲ್ಲಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಲದ ಕಂತು, ಠೇವಣಿಯ ಬಡ್ಡಿ, ಪಿಂಚಣಿಯ ತಕರಾರುಗಳದೇ ದೊಡ್ಡ ಪಾಲು. ಅವನ್ನು ಬಿಟ್ಟರೆ ಮತ್ತೆ ಮತ್ತೆ ಬರುವುದು ಇನ್ನೊಂದೇ ಪ್ರಶ್ನೆ. ಕೇಳುವವರು ಇಪ್ಪತ್ತು ಇಪ್ಪತ್ತೈದರ ಮಕ್ಕಳು. ಬ್ಯಾಂಕ್ ಕ್ಲರ್ಕ್, ರೈಲ್ವೆ, ಪಿಎಸ್‌ಐ, ಎಫ್‌ಡಿಎ ಅಂತ ಒಂದಲ್ಲ ಒಂದು ಪರೀಕ್ಷೆಗೆ ಓದುತ್ತಿರುವವರು. ಶೇಕಡಾ ಲೆಕ್ಕ, ಭಿನ್ನರಾಶಿ ಲೆಕ್ಕ ಕಂಡರೆ ಕೈಯೇ ಓಡುವುದಿಲ್ಲ, ಏನು ಮಾಡಲಿ ಅನ್ನುವುದು ಅವರ ಗೋಳು. ಹೋದ ತಿಂಗಳು ಬಂದ ಒಂದು ಪತ್ರ ಮಾತ್ರ ಸ್ವಲ್ಪ ಬೇರೆ ಥರ ಇತ್ತು. ‘ಗುಣಾಕಾರ, ಭಾಗಾಕಾರ ಚೆನ್ನಾಗಿ ಬರುತ್ತದೆ ಸರ್. ಸೂತ್ರಗಳೂ ಬಾಯಿಪಾಠ ಆಗಿವೆ. ಬರೀ ಅಂಕಿ ಕೊಟ್ಟರೆ ಮಾಡುತ್ತೇನೆ. ವಾಕ್ಯದಲ್ಲಿ ಬಂದರೆ ಎಲ್ಲಿ ಹಿಡಿಯಬೇಕು ಗೊತ್ತಾಗುವುದಿಲ್ಲ.’ ಬರೆದ ಹುಡುಗಿ ತನಗರಿವಿಲ್ಲದೆಯೇ ರೋಗ ಪತ್ತೆ ಮಾಡಿದ್ದಾಳೆ. ಆಕೆಗೆ ತೊಡಕಾಗಿರುವುದು ಗಣಿತದಲ್ಲಲ್ಲ, ಕನ್ನಡದಲ್ಲಿ.

ಸಿಟ್ಟಾಗಬೇಡಿ, ವಿವರಿಸುತ್ತೇನೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ನಿವೃತ್ತನಾದ ಮೇಲೆ ಧಾರವಾಡಕ್ಕೆ ಬಂದು ನೆಲೆಸಿದವನು ನಾನು. ಊರು ಬಲ್ಲವರಿಗೆ ಸಪ್ತಾಪುರದ ಸುತ್ತಿನ ನೋಟ ಗೊತ್ತಿರುತ್ತದೆ. ಒಂದರ ಮಗ್ಗುಲಿಗೆ ಒಂದು ಕೋಚಿಂಗ್ ಸೆಂಟರು, ಓದುವ ಕೋಣೆ, ಖಾನಾವಳಿ, ಝೆರಾಕ್ಸ್ ಅಂಗಡಿ. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರಿನ ಹಳ್ಳಿಗಳಿಂದ ಬಂದ ಮಕ್ಕಳು ಒಂದು ನೌಕರಿಗಾಗಿ ಎರಡು ಮೂರು ವರ್ಷ ಇಲ್ಲಿ ರೂಮು ಹಿಡಿದು ಓದುತ್ತಾರೆ. ಅವರಲ್ಲಿ ಇಪ್ಪತ್ತು ಮಂದಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಹಡಿಗೆ ಬರುತ್ತಾರೆ. ಫೀಸು ಇಲ್ಲ. ಚಹಾ ನನ್ನ ಹೆಂಡತಿಯ ಲೆಕ್ಕ.

ಹೊಸ ತಂಡ ಬಂದ ಮೊದಲ ದಿನ ನಾನು ಬೋರ್ಡಿನ ಮೇಲೆ ಬರೆಯುವುದು ಒಂದೇ ಪ್ರಶ್ನೆ. ‘ರಮೇಶನ ಸಂಬಳ ಸುರೇಶನ ಸಂಬಳಕ್ಕಿಂತ ಶೇ. 25ರಷ್ಟು ಹೆಚ್ಚು. ಹಾಗಾದರೆ ಸುರೇಶನ ಸಂಬಳ ರಮೇಶನ ಸಂಬಳಕ್ಕಿಂತ ಶೇಕಡಾ ಎಷ್ಟು ಕಡಿಮೆ?’ ಅರ್ಧ ಕೋಣೆ ‘ಇಪ್ಪತ್ತೈದು’ ಎಂದು ಕೂಗುತ್ತದೆ. ಉಳಿದವರು ಏನೋ ಮೋಸ ಇದೆ ಅಂತ ಅನುಮಾನಪಟ್ಟು ಸುಮ್ಮನಿರುತ್ತಾರೆ. ಒಬ್ಬರೋ ಇಬ್ಬರೋ ‘ಇಪ್ಪತ್ತು’ ಅನ್ನುತ್ತಾರೆ. ಈ ಸಲ ಹಾಗೆಂದವಳು ಮುಧೋಳದ ಕಡೆಯ ಹುಡುಗಿ.

‘ಹೆಂಗ ಬಂತವಾ ಇಪ್ಪತ್ತು?’

‘ಸೂತ್ರ ಐತ್ರಿ ಸರ್. ಆರ್ ಬೈ ಹಂಡ್ರೆಡ್ ಪ್ಲಸ್ ಆರ್, ಇಂಟು ಹಂಡ್ರೆಡ್.’

‘ಪ್ಲಸ್ ಯಾಕ? ಮೈನಸ್ ಯಾಕಲ್ಲ?’

‘ಅದು... ವಿಡಿಯೋದಾಗ ಹಂಗ ಹೇಳ್ಯಾರ್ರೀ.’ ಹೇಳಿ ತಾನೇ ನಕ್ಕಳು.

ಉತ್ತರ ಸರಿ. ಆದರೆ ಅದೇ ಲೆಕ್ಕ ನಾಳೆ ‘ಶೇ. 25ರಷ್ಟು ಕಡಿಮೆ’ ಅಂತ ಬಂದರೆ ಪ್ಲಸ್ಸೋ ಮೈನಸ್ಸೋ ಎಂದು ಅವಳ ಪೆನ್ನು ನಿಲ್ಲುತ್ತದೆ. ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಗಣಿತಕ್ಕೆ 35 ಪ್ರಶ್ನೆ, 20 ನಿಮಿಷ. ಒಂದಕ್ಕೆ 34 ಸೆಕೆಂಡು. ಪೆನ್ನು ನಿಲ್ಲುವಷ್ಟು ಪುರಸೊತ್ತು ಅಲ್ಲಿಲ್ಲ.

ಬೋರ್ಡಿನ ಮೇಲಿದ್ದ ವಾಕ್ಯದ ‘ಕ್ಕಿಂತ’ಕ್ಕೆ ನಾನು ಸುತ್ತು ಹಾಕಿದೆ. ಕನ್ನಡದಲ್ಲಿ ‘ಗಿಂತ’, ‘ಕ್ಕಿಂತ’ ಯಾವ ಪದದ ಬಾಲಕ್ಕೆ ಅಂಟಿಕೊಂಡಿರುತ್ತದೋ ಆ ಪದವೇ ನೂರು. ಮೊದಲ ವಾಕ್ಯದಲ್ಲಿ ಅದು ಸುರೇಶನ ಸಂಬಳಕ್ಕೆ ಅಂಟಿದೆ. ಆದ್ದರಿಂದ ಸುರೇಶ ನೂರು, ರಮೇಶ ನೂರಿಪ್ಪತ್ತೈದು. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಬಾಲ ರಮೇಶನಿಗೆ ಹೋಗಿದೆ. ಇಬ್ಬರ ನಡುವಿನ ಅಂತರ ಅದೇ ಇಪ್ಪತ್ತೈದು ರೂಪಾಯಿ, ಒಂದು ಪೈಸೆಯೂ ಬದಲಾಗಿಲ್ಲ. ಬದಲಾದದ್ದು ಅಳೆಯುವ ಕೋಲು. ನೂರಿಪ್ಪತ್ತೈದರಲ್ಲಿ ಇಪ್ಪತ್ತೈದು ಅಂದರೆ ಐದರಲ್ಲೊಂದು, ಶೇ. 20.

ಅಂಕಿ ಬೇಡವೆಂದರೆ ರೊಟ್ಟಿ ತೆಗೆದುಕೊಳ್ಳಿ. ಸುರೇಶನ ತಾಟಿನಲ್ಲಿ ನಾಲ್ಕು ರೊಟ್ಟಿ, ರಮೇಶನ ತಾಟಿನಲ್ಲಿ ಐದು. ಹೆಚ್ಚಿರುವ ಆ ಒಂದು ರೊಟ್ಟಿ ಸುರೇಶನ ಕಣ್ಣಿಗೆ ತನ್ನ ಪಾಲಿನ ಕಾಲು ಭಾಗದಷ್ಟು ಕಾಣುತ್ತದೆ. ರಮೇಶನಿಗೆ ಅದು ತನ್ನ ಪಾಲಿನ ಐದರಲ್ಲೊಂದು. ಇಷ್ಟು ಹೊಳೆದರೆ ಸೂತ್ರ ತಾನಾಗಿ ಹುಟ್ಟುತ್ತದೆ: ಮೂರರಲ್ಲೊಂದು ಹೆಚ್ಚಾಗಿದ್ದು ತಿರುಗಿ ನೋಡಿದಾಗ ನಾಲ್ಕರಲ್ಲೊಂದು ಕಡಿಮೆ, ಐದರಲ್ಲೊಂದು ಹೆಚ್ಚಾಗಿದ್ದು ಆರರಲ್ಲೊಂದು ಕಡಿಮೆ. ಸಕ್ಕರೆ ಬೆಲೆ ಶೇ. 25 ಏರಿದರೆ ಖರ್ಚು ಹಿಂದಿನಷ್ಟೇ ಇರಲು ಬಳಕೆ ಎಷ್ಟು ಇಳಿಸಬೇಕು ಎಂಬ ಹಳೆಯ ಪ್ರಶ್ನೆಯೂ ಇದೇ ರೊಟ್ಟಿ. ಉತ್ತರ 20.

‘ಗಿಂತ’ದಷ್ಟೇ ಕೆಲಸದ ಇನ್ನೊಂದು ಪ್ರತ್ಯಯ ಷಷ್ಠಿ. ‘ಸಂಬಳದ ಶೇ. 30’, ‘ಉಳಿದದ್ದರ ಕಾಲು ಭಾಗ’, ‘ಕೊಂಡ ಬೆಲೆಯ ಮೇಲೆ ಶೇ. 10’ ಇವುಗಳಲ್ಲಿ ‘ದ’, ‘ರ’, ‘ಯ’ ಹಚ್ಚಿಕೊಂಡ ಪದ ಯಾವುದೋ ಅದೇ ಪೂರ್ತಿ, ಅದೇ ನೂರು. ಸಪ್ತಮಿಯೂ ಕೆಲವೊಮ್ಮೆ ಇದೇ ಕೆಲಸ ಮಾಡುತ್ತದೆ: ‘ಹಾಜರಾದವರಲ್ಲಿ ಶೇ. 40 ಮಂದಿ’. ಉ, ಅನ್ನು, ಇಂದ ಅಂತ ಶಾಲೆಯಲ್ಲಿ ಸಾಲಾಗಿ ಒಪ್ಪಿಸಿದ ವಿಭಕ್ತಿ ಪ್ರತ್ಯಯಗಳಿಗೆ ಒಂದು ನೌಕರಿ ಸಿಕ್ಕಿದ್ದು ಇಲ್ಲೇ ನೋಡಿ. ನಮ್ಮ ಕನ್ನಡ ಮೇಷ್ಟ್ರು ಗಣಿತದ ಪೀರಿಯಡ್ಡಿಗೂ ಬಂದಿದ್ದರೆ ನಾನು ಇಷ್ಟು ತಡವಾಗಿ ಇದನ್ನು ಕಂಡುಕೊಳ್ಳಬೇಕಿರಲಿಲ್ಲ.

ಇನ್ನೊಂದು ಜೋಡಿ ‘ರಷ್ಟು’ ಮತ್ತು ‘ಕ್ಕೆ’. ಐನೂರು ರೂಪಾಯಿಯ ಮಾಲು ಶೇ. 20ರಷ್ಟು ಇಳಿದರೆ ನಾನೂರು. ಶೇ. 20ಕ್ಕೆ ಇಳಿದರೆ ನೂರು. ಎರಡಕ್ಷರದ ವ್ಯತ್ಯಾಸಕ್ಕೆ ಮುನ್ನೂರು ರೂಪಾಯಿ. ಪ್ರಶ್ನೆ ತೆಗೆಯುವವರಿಗೆ ಇದು ಗೊತ್ತು. ಎರಡೂ ಉತ್ತರಗಳನ್ನು ಆಯ್ಕೆಗಳಲ್ಲಿ ಪಕ್ಕಪಕ್ಕ ಕೂರಿಸಿರುತ್ತಾರೆ. ನೀವು ತಪ್ಪು ಓದಿ ಮಾಡಿದ ಲೆಕ್ಕದ ಉತ್ತರವೂ ಅಲ್ಲೇ ಇರುವುದರಿಂದ ‘ಸಿಕ್ಕಿತು’ ಎಂದು ಖುಷಿಯಾಗಿ ಗುರುತು ಹಾಕಿ ಮುಂದೆ ಹೋಗುತ್ತೀರಿ.

ಈ ವಿಷಯದಲ್ಲಿ ನಾವು ಪತ್ರಿಕೆಯವರೂ ಸಾಚಾಗಳಲ್ಲ. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು 6.50ರಿಂದ 6.25ಕ್ಕೆ ತಂದಿತು. ಇಂಥ ಸುದ್ದಿಯನ್ನು ‘ಬಡ್ಡಿದರ ಶೇ. 0.25ರಷ್ಟು ಇಳಿಕೆ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಪರೀಕ್ಷೆಯ ಕಣ್ಣಿನಿಂದ ಓದಿದರೆ ಅದು ತಪ್ಪು. ಆರೂವರೆಯಲ್ಲಿ ಕಾಲು ಇಳಿದರೆ ಇಳಿಕೆ ಶೇ. 3.85ರ ಹತ್ತಿರ. ದರದಿಂದ ದರ ಕಳೆದಾಗ ಸಿಗುವುದು ಅಂಶಗಳ ಲೆಕ್ಕ, ಶೇಕಡಾ ಅಲ್ಲ. ನಿರುದ್ಯೋಗ ಶೇ. 8ರಿಂದ 6ಕ್ಕೆ ಬಂದರೆ ಇಳಿದದ್ದು ಎರಡು ಅಂಶ, ಆದರೆ ಹಳೆಯದರ ಮೇಲೆ ಶೇ. 25. ದತ್ತಾಂಶ ವಿಶ್ಲೇಷಣೆಯ ಪಟ್ಟಿ ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ಈ ಗುಂಡಿಗೆ ಬೀಳದವರು ಕಡಿಮೆ.

ಯಾವುದರ ನೂರು ಎಂದು ಕೇಳದೆ ಹೋದರೆ ಪರೀಕ್ಷೆಯ ಹೊರಗೂ ಏಟು ಬೀಳುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಳ್ಳಿಯ ಶಾಖೆಯೊಂದಕ್ಕೆ ಬಂದ ಹಿರಿಯ ರೈತರೊಬ್ಬರು ಕೌಂಟರಿಗೆ ಮೊಣಕೈ ಊರಿ ಜಗಳಕ್ಕೇ ನಿಂತರು. ‘ಸರಕಾರಿ ಬ್ಯಾಂಕ ಅಂತೀರಿ, ಹನ್ನೆರಡ ಬಡ್ಡಿ ಹಚ್ಚತೀರಿ. ನಮ್ಮೂರ ಸಾವ್ಕಾರ ಎರಡ ರೂಪಾಯಿ ತಗೋತಾನ ನೋಡ್ರಿ.’ ಎರಡು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ, ತಿಂಗಳಿಗೆ. ವರ್ಷಕ್ಕೆ ಇಪ್ಪತ್ತನಾಲ್ಕು. ಬ್ಯಾಂಕಿನ ಹನ್ನೆರಡು ವರ್ಷದ್ದು. ಇಬ್ಬರೂ ನೂರನ್ನೇ ಆಧಾರ ಮಾಡಿಕೊಂಡಿದ್ದರು, ಕಾಲದ ಆಧಾರ ಬೇರೆ ಇತ್ತು. ನಾನು ಹೇಳಿದ್ದನ್ನು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇದನ್ನ ನಮ್ಮಪ್ಪಗ ಯಾರರ ಹೇಳಿದ್ರ ಎರಡೆಕರೆ ಉಳೀತಿತ್ತು’ ಅಂದರು. ಶೇಕಡಾ ಪಾಠ ಮಾಡುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಮಕ್ಕಳಿಗೆ ಹೇಳುವುದಿಲ್ಲ. ಪರೀಕ್ಷೆಯ ಭಾರವೇ ಅವರಿಗೆ ಸಾಕಾಗಿದೆ.

ಆಧಾರ ಸಿಕ್ಕ ಮೇಲೆ ಉಳಿಯುವುದು ಅಂಕಿಯ ಕೆಲಸ, ಅಲ್ಲಿ ನನ್ನ ಸಲಹೆ ಸರಳ: ಶೇಕಡಾವನ್ನು ಭಿನ್ನರಾಶಿ ಮಾಡಿಕೊಳ್ಳಿ. 2,480ರ ಶೇ. 37.5 ಎಷ್ಟು ಎಂದರೆ ಗುಣಿಸುತ್ತ ಕೂರುವವರು ಒಂದು ನಿಮಿಷ ತಿನ್ನುತ್ತಾರೆ. 37.5 ಅಂದರೆ ಎಂಟರಲ್ಲಿ ಮೂರು ಎಂದು ಗೊತ್ತಿದ್ದರೆ 310 ಮೂರಲೆ 930, ಬಾಯಲ್ಲೇ ಮುಗಿಯಿತು. ನಮ್ಮ ಅಜ್ಜ ಅಜ್ಜಿಯರಿಗೆ ಇದು ಬಾಯಲ್ಲೇ ಇತ್ತು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಬೆಳೆದವರು ಅವರು. ನಾಲ್ಕಾಣೆ ಕಾಲು, ಎಂಟಾಣೆ ಅರ್ಧ, ಹನ್ನೆರಡಾಣೆ ಮುಕ್ಕಾಲು. ಎರಡಾಣೆ ಎಂಟರಲ್ಲೊಂದು, ಅಂದರೆ ಹನ್ನೆರಡೂವರೆ, ಆರಾಣೆ ಮೇಲೆ ಹೇಳಿದ ಮೂವತ್ತೇಳೂವರೆ, ಹತ್ತಾಣೆ ಅರವತ್ತೆರಡೂವರೆ. ಒಂದಾಣೆ, ಹಳಬರ ಮಾತಿನಲ್ಲಿ ಒಂದು ವೀಸ, ಶೇ. ಆರೂಕಾಲು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ರೂಪಾಯಿಯನ್ನು ನೂರು ಭಾಗ ಮಾಡಿತು, ಲೆಕ್ಕ ಸುಲಭವಾಯಿತು. ಮಾತು ಮಾತ್ರ ಇನ್ನೂ ಹದಿನಾರಾಣೆಯಲ್ಲೇ ಇದೆ. ಖರೇ ಮಾತಿಗೆ ಇವತ್ತಿಗೂ ‘ಹದಿನಾರಾಣೆ ಸತ್ಯ’ ಅನ್ನುತ್ತೇವೆ, ಶೇ. ನೂರು ಸತ್ಯ ಅಂದರೆ ರುಚಿ ಹತ್ತುವುದಿಲ್ಲ.

ಧಾರವಾಡದ ಕಡೆ ಇನ್ನೂ ಒಂದು ಅನುಕೂಲ. ಪಾವು ಕಿಲೋ, ಸವ್ವಾ, ದೀಡ, ಅಡೀಚ ಎಂದು ಭಿನ್ನರಾಶಿಗೆ ಒಂದೇ ಪದದಲ್ಲಿ ಹೆಸರಿಟ್ಟ ಊರಿದು. ದೀಡ ತಾಸು ಬಸ್ಸಿಗೆ ಕಾದೆ ಎನ್ನುವ ಹುಡುಗನಿಗೆ ಮೂರು ಬೈ ಎರಡು ಎಂದು ಬರೆದು ತೋರಿಸಿದರೆ ಹೆದರುತ್ತಾನೆ. ‘ದೀಡಪಟ್ಟು ಆಯ್ತು’ ಅಂದರೆ ಶೇ. 50 ಹೆಚ್ಚಾಯಿತು ಎಂದೇ ಅರ್ಥ. ಹಿಂದೆ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಅಂತ ಹೇಳಿಸುತ್ತಿದ್ದರು. ಅವೆಲ್ಲ ಹೋಗಿ ಈಗಿನ ಮಕ್ಕಳ ಬಾಯಲ್ಲಿ ಸೂತ್ರ ಮಾತ್ರ ಉಳಿದಿದೆ. ಮೂರರಲ್ಲೊಂದು ಮೂವತ್ತಮೂರೂ ಚಿಲ್ಲರೆ, ಆರರಲ್ಲೊಂದು ಹದಿನಾರೂ ಚಿಲ್ಲರೆ, ಏಳರಲ್ಲೊಂದು ಹದಿನಾಲ್ಕೂ ಚಿಲ್ಲರೆ, ಹನ್ನೆರಡರಲ್ಲೊಂದು ಎಂಟೂ ಚಿಲ್ಲರೆ. ಗೋಡೆಗೆ ಇಂಥದೊಂದು ಪಟ್ಟಿ ಅಂಟಿಸಿ ಹದಿನೈದು ದಿನ ಹಲ್ಲುಜ್ಜುವಾಗ ಓದಿಕೊಂಡರೆ ಸಾಕು. ಅಂದ ಹಾಗೆ 25ರ ಶೇ. 16 ಎಷ್ಟು ಎಂದು ತಡವರಿಸಿದರೆ ತಿರುಗಿಸಿ 16ರ ಶೇ. 25 ಅನ್ನಿ. ಎರಡೂ ನಾಲ್ಕೇ.

ಈಗ ಎಲ್ಲರ ಕಾಲಿಗೂ ತೊಡರುವ ‘ಉಳಿದದ್ದರ’ ಲೆಕ್ಕಕ್ಕೆ ಬರೋಣ. ‘ಒಬ್ಬಾತ ಸಂಬಳದ ಮೂರನೇ ಒಂದು ಭಾಗವನ್ನು ಬಾಡಿಗೆಗೆ, ಉಳಿದದ್ದರ ಕಾಲು ಭಾಗವನ್ನು ಕಿರಾಣಿಗೆ, ನಂತರ ಉಳಿದದ್ದರ ಶೇ. 20ನ್ನು ಮಕ್ಕಳ ಶಾಲೆಗೆ ಖರ್ಚು ಮಾಡುತ್ತಾನೆ. ಕೊನೆಗೆ 12,000 ರೂಪಾಯಿ ಉಳಿದರೆ ಸಂಬಳ ಎಷ್ಟು?’ ನಮ್ಮ ಮಹಡಿಯಲ್ಲಿ ಹತ್ತಕ್ಕೆ ಆರು ಜನ ಮೂರರಲ್ಲೊಂದು, ನಾಲ್ಕರಲ್ಲೊಂದು, ಐದರಲ್ಲೊಂದು ಅಂತ ಮೂರನ್ನೂ ಕೂಡಿಸಲು ಹೊರಡುತ್ತಾರೆ. ಅವರಿಗೆ ಸಿಗುವ ಉಳಿಕೆ ಅರವತ್ತರಲ್ಲಿ ಹದಿಮೂರು. ಸಂಬಳ 55 ಸಾವಿರ ಚಿಲ್ಲರೆ ಪೈಸೆಗಳ ಸಮೇತ ಬರುತ್ತದೆ. ಅಂಥ ಸಂಬಳ ಯಾವ ಕಚೇರಿಯಲ್ಲೂ ಕೊಡುವುದಿಲ್ಲ ಎಂದಾದರೂ ಅನುಮಾನ ಬರಬೇಕು.

ಕೂಡಿಸಬಹುದಾದದ್ದು ಒಂದೇ ಪೂರ್ತಿಯ ಭಾಗಗಳನ್ನು ಮಾತ್ರ. ಇಲ್ಲಿ ಮೂರು ಭಾಗಗಳಿಗೆ ಮೂರು ಬೇರೆ ಬೇರೆ ಪೂರ್ತಿಗಳಿವೆ, ‘ಉಳಿದದ್ದರ’ ಎಂಬ ಷಷ್ಠಿ ಅದನ್ನು ಪ್ರತಿ ಸಲ ಕೂಗಿ ಹೇಳುತ್ತಿದೆ. ಹಾಗಾಗಿ ಹೋದದ್ದನ್ನು ಬಿಟ್ಟು ಉಳಿದದ್ದರ ಬೆನ್ನು ಹತ್ತಬೇಕು. ಬಾಡಿಗೆ ಕೊಟ್ಟ ಮೇಲೆ ಉಳಿದದ್ದು ಮೂರರಲ್ಲಿ ಎರಡು. ಅದರಲ್ಲಿ ಕಿರಾಣಿ ಹೋಗಿ ಉಳಿದದ್ದು ಮುಕ್ಕಾಲು. ಅದರಲ್ಲಿ ಶಾಲೆ ಹೋಗಿ ಉಳಿದದ್ದು ಐದರಲ್ಲಿ ನಾಲ್ಕು. ಮೂರನ್ನೂ ಗುಣಿಸಿದರೆ ಮೇಲೆ ಕೆಳಗೆ ಹೊಡೆದುಹೋಗಿ ಐದರಲ್ಲಿ ಎರಡು ಉಳಿಯುತ್ತದೆ. ಐದರಲ್ಲಿ ಎರಡು ಭಾಗ 12,000 ಆದರೆ ಒಂದು ಭಾಗ 6,000, ಸಂಬಳ 30,000. ತಾಳೆ ನೋಡಿ: ಬಾಡಿಗೆ ಹತ್ತು ಸಾವಿರ, ಕಿರಾಣಿ ಐದು, ಶಾಲೆ ಮೂರು, ಉಳಿದದ್ದು ಹನ್ನೆರಡು. ಮೂರು ಸಾವಿರಕ್ಕೆ ಯಾವ ಶಾಲೆ ಎಂದು ಕೇಳಬೇಡಿ, ಲೆಕ್ಕದ ಊರೇ ಬೇರೆ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಕಾಟವಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಯ ಸಮಸ್ಯೆಗಳನ್ನು ಜಾತಿಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಒಂದೇ ಪೂರ್ತಿಯ ಭಾಗಗಳದ್ದು ಭಾಗಜಾತಿ. ಉಳಿದದ್ದರ ಭಾಗ, ಮತ್ತೆ ಉಳಿದದ್ದರ ಭಾಗ ಎಂದು ಸಾಗುವುದು ಶೇಷಜಾತಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು ಎಂದು ಅವರಿಗೆ ಅನ್ನಿಸಿ ಸಾವಿರದ ಮೇಲೆ ನೂರು ವರ್ಷವೇ ಆಗಿಹೋಗಿದೆ. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿಂದ ಬಂದು ಸಪ್ತಾಪುರದಲ್ಲಿ ರೂಮು ಮಾಡಿರುವ ಹುಡುಗರಿಗೆ ಇದನ್ನು ಹೇಳಿದರೆ ಬೆನ್ನು ನೇರ ಮಾಡಿ ಕೂರುತ್ತಾರೆ. 1150ರ ಹೊತ್ತಿಗೆ ಭಾಸ್ಕರಾಚಾರ್ಯರು ಬರೆದ ‘ಲೀಲಾವತಿ’ಯ ದುಂಬಿಗಳ ಲೆಕ್ಕ ಮಾತ್ರ ಮೊದಲ ಜಾತಿಯದು. ಹಿಂಡಿನ ಐದರಲ್ಲೊಂದು ಭಾಗ ಒಂದು ಹೂವಿಗೆ, ಮೂರರಲ್ಲೊಂದು ಇನ್ನೊಂದಕ್ಕೆ, ಈ ಎರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದಕ್ಕೆ ಹಾರಿ ಒಂದೇ ದುಂಬಿ ಉಳಿಯುತ್ತದೆ. ಎಲ್ಲವೂ ಅದೇ ಹಿಂಡಿನ ಭಾಗ, ಆದ್ದರಿಂದ ಧೈರ್ಯವಾಗಿ ಕೂಡಿಸಬಹುದು. ಹದಿನೈದರಲ್ಲಿ ಹದಿನಾಲ್ಕು ಹೋಯಿತು, ಹಿಂಡಿನಲ್ಲಿ ಹದಿನೈದು ದುಂಬಿ. ಅದೇ 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡದಲ್ಲಿ ಗಣಿತ ಓದಿದರೆ ಹಿಂದೆ ಬೀಳುತ್ತೇವೆ ಎಂದು ಕೊರಗುವವರಿಗೆ ಈ ಹೆಸರು ಗೊತ್ತಿರಲಿ.

ಪೂರ್ತಿಯ ಸರಪಳಿ ಉದ್ದವಾದಾಗ ಎಕ್ಸ್, ವೈ ಹಿಡಿಯುವ ಬದಲು ನೂರು ಜನರ ಊರೊಂದನ್ನು ಕಲ್ಪಿಸಿಕೊಳ್ಳುವುದು ನನ್ನ ಪದ್ಧತಿ. ‘ಇಬ್ಬರೇ ಅಭ್ಯರ್ಥಿಗಳಿದ್ದ ಚುನಾವಣೆಯಲ್ಲಿ ಶೇ. 80 ಮತದಾರರು ಮತ ಹಾಕಿದರು. ಬಿದ್ದ ಮತಗಳಲ್ಲಿ ಶೇ. 10 ತಿರಸ್ಕೃತವಾದವು. ಕ್ರಮಬದ್ಧ ಮತಗಳಲ್ಲಿ ಶೇ. 60 ಪಡೆದವನು 14,400 ಮತಗಳ ಅಂತರದಿಂದ ಗೆದ್ದ. ಒಟ್ಟು ಮತದಾರರು ಎಷ್ಟು?’ ನೂರು ಮತದಾರರ ಊರಿನಲ್ಲಿ 80 ಮತ ಬಿತ್ತು, 8 ಹೋಯಿತು, 72 ಉಳಿಯಿತು. ಗೆದ್ದವನಿಗೂ ಸೋತವನಿಗೂ 60 ಮತ್ತು 40ರ ಪಾಲು, ಅಂತರ 72ರ ಶೇ. 20, ಅಂದರೆ 14.4. (ಆ ದಶಮಾಂಶ ನಾಲ್ಕು ಮತ ಹಾಕಿದ ಪುಣ್ಯಾತ್ಮ ಯಾರೋ.) ನಮ್ಮ ಊರಿನಲ್ಲಿ 14.4, ಪ್ರಶ್ನೆಯಲ್ಲಿ 14,400. ಸಾವಿರ ಪಟ್ಟು. ಮತದಾರರು ಒಂದು ಲಕ್ಷ. ಇಲ್ಲಿ ಬಿದ್ದ ಮತಗಳಲ್ಲಿ, ಕ್ರಮಬದ್ಧ ಮತಗಳಲ್ಲಿ ಎಂಬ ಎರಡು ‘ಅಲ್ಲಿ’ಗಳನ್ನು ಹಾರಿಸಿ ಓದಿದವರಿಗೆ 72,000 ಬರುತ್ತದೆ. ಆಯ್ಕೆಗಳಲ್ಲಿ ಅದೂ ಇರುತ್ತದೆ, ನಂಬಿ.

ಎಲ್ಲಕ್ಕಿಂತ ಮಜಾ ಕೊಟ್ಟದ್ದು ಮೆಣಸಿನಕಾಯಿ ಲೆಕ್ಕ. ‘ಹಸಿ ಮೆಣಸಿನಕಾಯಿಯಲ್ಲಿ ಶೇ. 80 ನೀರು, ಒಣ ಮೆಣಸಿನಕಾಯಿಯಲ್ಲಿ ಶೇ. 10 ನೀರು. 90 ಕಿಲೋ ಹಸಿಯದನ್ನು ಒಣಗಿಸಿದರೆ ಎಷ್ಟು ಕಿಲೋ ಸಿಗುತ್ತದೆ?’ ಲೆಕ್ಕದಲ್ಲಿ ಚುರುಕಾದವರೇ 80ರಲ್ಲಿ 10 ಕಳೆದು ಶೇ. 70 ನೀರು ಹೋಯಿತೆಂದರು. ಉತ್ತರ 27 ಎಂದು ಬಂತು. ಹಿಂದೆ ಕೂತಿದ್ದ ಬ್ಯಾಡಗಿ ಕಡೆಯ ಹುಡುಗ, ಅಲ್ಲಿಯತನಕ ಬಾಯಿ ಬಿಚ್ಚದವನು, ತಲೆ ಅಲ್ಲಾಡಿಸಿದ.

‘ಇಪ್ಪತ್ತ ಕಿಲೋ ಬರ್ತೈತ್ರಿ ಸರ್.’

‘ಹೆಂಗಪಾ?’

‘ಕಣದಾಗ ಹರವಿದ್ರ ನೀರ ಹೊಕ್ಕೈತ್ರಿ, ಕಾಯಿ ಎಲ್ಲಿ ಹೊಕ್ಕೈತಿ? ತೊಂಬತ್ತರಾಗ ಹದಿನೆಂಟ ಕಿಲೋ ಅಸಲ ಮಾಲು. ಒಣಗಿದ ಮ್ಯಾಗ ಅದ ಹದಿನೆಂಟು ಹತ್ತರಾಗ ಒಂಬತ್ತ ಪಾಲ ಆಗ್ಬೇಕು.’

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೀರು ಹೋಗುತ್ತಿದ್ದಂತೆ ಒಟ್ಟು ತೂಕವೂ ಇಳಿಯುತ್ತದೆ, ಅಂದರೆ ನೂರೇ ಕರಗುತ್ತಿರುತ್ತದೆ. 80 ಒಂದು ನೂರಿನದು, 10 ಇನ್ನೊಂದು ನೂರಿನದು, ಒಂದರಿಂದ ಒಂದನ್ನು ಕಳೆಯುವುದು ಹೇಗೆ? ಹಾಗಾಗಿ ಬದಲಾಗದೆ ನಿಂತದ್ದು ಯಾವುದು ಎಂದು ಹುಡುಕಬೇಕು. ಹಾಲಿಗೆ ನೀರು ಬೆರೆಸುವ ಲೆಕ್ಕದಲ್ಲಿ ಹಾಲು ನಿಂತಿರುತ್ತದೆ, ಚಿನ್ನಕ್ಕೆ ತಾಮ್ರ ಸೇರಿಸುವಲ್ಲಿ ಚಿನ್ನ, ತರಗತಿಗೆ ಹುಡುಗಿಯರು ಹೊಸದಾಗಿ ಸೇರಿದಲ್ಲಿ ಹುಡುಗರ ಸಂಖ್ಯೆ. ಆ ಹುಡುಗನ ಅಪ್ಪ ಪ್ರತಿ ವರ್ಷ ಬ್ಯಾಡಗಿ ಮಾರುಕಟ್ಟೆಗೆ ಚೀಲ ಒಯ್ಯುತ್ತಾರಂತೆ. ಮಗ ಗಣಿತದಲ್ಲಿ ದಡ್ಡ ಎಂದು ಊರಿನಲ್ಲಿ ಹೆಸರಾಗಿತ್ತಂತೆ.

ಸಂಬಳ ಶೇ. 20 ಏರಿ ಮತ್ತೆ ಶೇ. 20 ಇಳಿದರೆ ಮೊದಲಿನಷ್ಟೇ ಇರುತ್ತದೆಯೇ ಎಂಬ ಪ್ರಶ್ನೆಯೂ ಇದೇ ಜಾತಿಯದು. ಏರುವಾಗ ನೂರರ ಮೇಲೆ ಏರಿತು, ಇಳಿಯುವಾಗ ನೂರಿಪ್ಪತ್ತರ ಮೇಲೆ ಇಳಿಯಿತು, 96ಕ್ಕೆ ನಿಂತಿತು. ಶೇ. 40 ಏರಿಸಿದ ಬೆಲೆಯ ಮೇಲೆ ಶೇ. 30 ರಿಯಾಯಿತಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವ ಸೀರೆ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ನಿಮಗೆ ನಿಜವಾಗಿ ಸಿಕ್ಕಿದ್ದು ನೂರಕ್ಕೆ ಎರಡು ರೂಪಾಯಿ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪದ್ಧತಿಯ ಬಗ್ಗೆಯೂ ಕೇಳುತ್ತಾರೆ, ಊಹಿಸಿ ಗುರುತು ಹಾಕಬಹುದೇ ಅಂತ. ಅದೂ ಭಿನ್ನರಾಶಿಯೇ. ಐದು ಆಯ್ಕೆಗಳಿರುವ ಬ್ಯಾಂಕ್ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ನೂರು ಗುರುತು ಹಾಕಿದರೆ ಸರಾಸರಿ 20 ಸರಿ, 80 ತಪ್ಪು. ಬಂದದ್ದು 20, ಕಳೆದದ್ದು 20. ಸೊನ್ನೆ. ಆಯ್ಕೆ ನಾಲ್ಕೇ ಇದ್ದು ಕಾಲು ಅಂಕ ಕಳೆಯುವಲ್ಲಿ 80 ಗುರುತಿಗೆ 20 ಸರಿ, 60 ತಪ್ಪಿಗೆ 15 ಹೋಗಿ 5 ಉಳಿಯುತ್ತದೆ. ಹದಿನಾರಕ್ಕೆ ಒಂದು. ಅದೃಷ್ಟವನ್ನು ನಂಬಿದವರಿಗೆ ಸಿಗುವುದು ಒಂದಾಣೆ. ಆದರೆ ಮೇಲೆ ಹೇಳಿದ ಹಾಗೆ ಓದಿ ಎರಡು ಆಯ್ಕೆಗಳನ್ನಾದರೂ ಹೊಡೆದು ಹಾಕಿದ್ದರೆ ಉಳಿದವುಗಳಲ್ಲಿ ಒಂದನ್ನು ಧೈರ್ಯವಾಗಿ ಹಿಡಿಯಿರಿ.

ಶಾರ್ಟ್‌ಕಟ್ ಕಲಿಸುವ ವಿಡಿಯೋಗಳ ಮೇಲೆ ನನಗೆ ದ್ವೇಷವಿಲ್ಲ. 34 ಸೆಕೆಂಡಿನಲ್ಲಿ ಮುಗಿಸಬೇಕಾದವರಿಗೆ ಅಡ್ಡದಾರಿ ಬೇಕೇ ಬೇಕು. ನೆಟ್ಟಗಿನ ದಾರಿಯಲ್ಲಿ ಒಮ್ಮೆಯೂ ನಡೆಯದವನಿಗೆ ಅಡ್ಡದಾರಿ ಯಾವುದಕ್ಕೆ ಅಡ್ಡ ಎಂದು ತಿಳಿಯುವುದಿಲ್ಲ, ಅಷ್ಟೇ ನನ್ನ ತಕರಾರು. ಮೊದಲ ತಿಂಗಳು ಗಡಿಯಾರವನ್ನು ಒಳಗಿಟ್ಟು, ಪ್ರತಿ ಲೆಕ್ಕದ ಪಕ್ಕದಲ್ಲಿ ‘ಯಾವುದರ?’ ಎಂದು ಬರೆದು ಉತ್ತರಿಸಿ. ಎರಡನೇ ತಿಂಗಳು ಗಡಿಯಾರ ಹೊರಗೆ ಬರಲಿ.

ಇನ್ನು ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಒಂದು ಎಚ್ಚರಿಕೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಲ್ಲಿ, ಸಾರ್ವಜನಿಕ ವಲಯದ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು 2021ರಲ್ಲಿ ಕನ್ನಡ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಿಗೆ ತೆರೆಯುವ ತೀರ್ಮಾನವಾಯಿತು. ಒಳ್ಳೆಯದೇ. ಆದರೆ ಪ್ರಶ್ನೆಗಳು ಅನುವಾದವಾಗಿ ಬರುತ್ತವೆ. ನಮ್ಮದೇ ರಾಜ್ಯದಲ್ಲಿ 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ತಪ್ಪುಗಳಿಂದ ಗದ್ದಲವೆದ್ದು ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಶೇಕಡಾ ಲೆಕ್ಕದಲ್ಲಿ ಅನುವಾದಕರ ಕೈಯಿಂದ ಒಂದು ‘ಕ್ಕಿಂತ’ ಜಾಗ ತಪ್ಪಿದರೆ ಉತ್ತರವೇ ತಪ್ಪುತ್ತದೆ. ವಾಕ್ಯ ಎಡವಿದಂತೆ ಕಂಡರೆ ಇಂಗ್ಲಿಷ್ ರೂಪದತ್ತ ಒಮ್ಮೆ ಕಣ್ಣು ಹಾಯಿಸಿ, ಅಲ್ಲಿ ‘ದ್ಯಾನ್’ ಮತ್ತು ‘ಆಫ್’ ಎಂಬೆರಡು ಪದಗಳ ನಂತರ ಯಾರಿದ್ದಾರೆ ಎಂದು ನೋಡಿದರೆ ಸಾಕು. ಪ್ರಶ್ನೆ ಅನುವಾದಿಸುವವರಲ್ಲೂ ನನ್ನದೊಂದು ಕೋರಿಕೆ: ನಿಮ್ಮ ಮೇಜಿನ ಮೇಲೆ ನಿಘಂಟಿನ ಜೊತೆಗೆ ಒಂದು ಹಳೆಯ ಕನ್ನಡ ವ್ಯಾಕರಣವೂ ಇರಲಿ.

ಪತ್ರ ಬರೆದ ಹುಡುಗಿಗೂ ಉಳಿದ ಓದುಗರಿಗೂ ಒಂದು ಲೆಕ್ಕ ಬಿಟ್ಟು ಮುಗಿಸುತ್ತೇನೆ. ಅಡುಗೆ ಎಣ್ಣೆಯ ಬೆಲೆ ಶೇ. 25ರಷ್ಟು ಏರಿದೆ. ಎಣ್ಣೆಯ ಖರ್ಚು ಹಿಂದಿನದಕ್ಕಿಂತ ಶೇ. 10ರಷ್ಟು ಮಾತ್ರ ಹೆಚ್ಚಬಹುದು, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಬಳಕೆಯನ್ನು ಶೇಕಡಾ ಎಷ್ಟು ಇಳಿಸಬೇಕು? ಉತ್ತರ ಪೂರ್ಣ ಸಂಖ್ಯೆಯಲ್ಲೇ ಬರುತ್ತದೆ. ಪೆನ್ನು ಮುಟ್ಟದೆ ಮಾಡಿದವರು ಹೇಗೆ ಮಾಡಿದಿರಿ ಎಂದು ಬರೆದು ಕಳಿಸಿ.